ಬ್ರೂಗೆಲ್‌ನ ರೈತರನ್ನು ಹುಡುಕಿಕೊಂಡು: ಬ್ರಸೆಲ್ಸ್‌ನಿಂದ ವಿಯೆನ್ನಾದವರೆಗೆ

ಚಿತ್ರಕಾರ ಪೀಟರ್ ಬ್ರೂಗೆಲ್ ಬರೆದ 'ರೈತರ ಮದುವೆ' ಮತ್ತು 'ರೈತರ ಕುಣಿತ' ಎರಡೂ ಈಗ ಇರುವುದು ವಿಯೆನ್ನಾದಲ್ಲಿ. ಆದರೆ ಅದರಲ್ಲಿರುವ ಜನ ವಿಯೆನ್ನಾದವರಲ್ಲ. ಈಗಿನ ಬೆಲ್ಜಿಯಂನ ಹಳ್ಳಿಗರು ಅವರು, 16ನೇ ಶತಮಾನದವರು. ಮೊದಲು ಅವರ ಊರುಗಳನ್ನು ಕಣ್ತುಂಬ ನೋಡಬೇಕು, ಚಿತ್ರ ಕೊನೆಗೆ ನೋಡಬೇಕು ಅಂತ ತುಂಬಾ ದಿನದಿಂದ ಆಸೆಯಿತ್ತು. ಅಕ್ಕ, ಭಾವ ಲ್ಯೂವನ್‌ನಲ್ಲಿ ಇದ್ದಾರೆ. ಅಲ್ಲಿಂದ ಬ್ರಸೆಲ್ಸ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಸೆಪ್ಟೆಂಬರ್‌ನಲ್ಲಿ ಹೊರಟೆ.

ತಲೆಯಲ್ಲಿ ಒಂದೇ ಪ್ರಶ್ನೆ. ಹಳ್ಳಿಯವರ ಕುಡಿತ, ಕುಣಿತ, ಊಟವನ್ನು ಇಷ್ಟು ಚಿತ್ರಕಾರರು ಇಷ್ಟು ವರ್ಷ ಬರೆದರಲ್ಲ, ಅವರು ಎಲ್ಲಿ ನಿಂತು ನೋಡಿದರು? ಜನರ ನಡುವೆ ನಿಂತೋ, ದೂರದಲ್ಲಿ ನಿಂತೋ?

ಗುರುವಾರ, ಬ್ರಸೆಲ್ಸ್

ರಾಯಲ್ ಮ್ಯೂಸಿಯಂನಲ್ಲಿ ಮೊದಲು ನಿಂತದ್ದು 'ಬೆತ್ಲೆಹೇಮಿನ ಜನಗಣತಿ' ಮುಂದೆ. ಬ್ರೂಗೆಲ್ 1566ರಲ್ಲಿ ಬರೆದದ್ದು. ಇದು ಹಬ್ಬದ ಚಿತ್ರ ಅಲ್ಲ. ಆದರೂ ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಹೆಸರಿಗೆ ಬೆತ್ಲೆಹೇಮ್, ಕಾಣುವುದು ಹಿಮ ಬಿದ್ದ ಫ್ಲೆಮಿಶ್ ಹಳ್ಳಿ, ಅಂದರೆ ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಯದು. ಛತ್ರದ ಕಿಟಕಿಯ ಮುಂದೆ ಜನ ಮುಗಿಬಿದ್ದಿದ್ದಾರೆ. ಒಂದು ಕಡೆ ಹಂದಿ ಕಡಿಯುತ್ತಿದ್ದಾರೆ. ಮಕ್ಕಳು ಹೆಪ್ಪುಗಟ್ಟಿದ ನೀರಿನ ಮೇಲೆ ಆಡುತ್ತಿವೆ. ಕತ್ತೆಯ ಮೇಲೆ ಕೂತ ಮೇರಿ, ಹೆಗಲಿಗೆ ಗರಗಸ ಹಾಕಿಕೊಂಡ ಜೋಸೆಫ್ ಈ ಗದ್ದಲದಲ್ಲಿ ಎಲ್ಲಿದ್ದಾರೆ ಅಂತ ಹುಡುಕಬೇಕು. ದೇವರ ತಾಯಿಗೂ ಊರಿನ ಹೆಂಗಸಿಗೂ ಇಲ್ಲಿ ಒಂದೇ ಅಳತೆಯ ಜಾಗ. ಈ ಚಿತ್ರಕಾರನ ಮನಸ್ಸು ಎಂಥದ್ದು ಅಂತ ಇದೊಂದರಲ್ಲೇ ತಿಳಿಯುತ್ತದೆ.

ಅದೇ ಮ್ಯೂಸಿಯಂನಲ್ಲಿ ಡೇವಿಡ್ ಟೆನಿಯರ್ಸ್ 1652ರಲ್ಲಿ ಬರೆದ 'ಫ್ಲೆಮಿಶ್ ಜಾತ್ರೆ' ಇದೆ. ಹಳ್ಳಿಯ ಇಗರ್ಜಿಯ ವಾರ್ಷಿಕ ಹಬ್ಬಕ್ಕೆ ಅಲ್ಲಿಯವರು ಕೆರ್ಮಿಸ್ ಅನ್ನುತ್ತಾರೆ. ಬೆಳಿಗ್ಗೆ ಪೂಜೆ, ಮೆರವಣಿಗೆ. ಆಮೇಲೆ ಇಡೀ ದಿನ ಊಟ, ಬಿಯರ್, ಕುಣಿತ. ಟೆನಿಯರ್ಸ್ ಇದನ್ನು ಎಷ್ಟು ಸಲ ಬರೆದನೋ! ಕೈ ತುಂಬಾ ಹಗುರ, ಬಣ್ಣ ಬೆಳ್ಳಿಯ ಹಾಗೆ ತಿಳಿ. ನೋಡಿದರೆ ಖುಷಿಯಾಗುತ್ತದೆ, ಸುಳ್ಳಲ್ಲ. ಆದರೆ ಜನರೆಲ್ಲ ಚಿಕ್ಕವರು, ದೂರದವರು. ಅವನ ಹಲವು ಜಾತ್ರೆಗಳಲ್ಲಿ ಒಂದು ಬದಿಗೆ ಒಳ್ಳೆಯ ಬಟ್ಟೆ ತೊಟ್ಟ ದೊರೆಮನೆಯವರೂ ಬಂದು ನಿಂತಿರುತ್ತಾರೆ, ನೋಡಿ ಹೋಗುವುದಕ್ಕೆ. ಇದಕ್ಕೆ ಕಾರಣ ಅವನ ಬದುಕಿನಲ್ಲೇ ಇದೆ. 1651ರ ಹೊತ್ತಿಗೆ ಅವನು ಬ್ರಸೆಲ್ಸ್‌ನಲ್ಲಿ ಆರ್ಚ್‌ಡ್ಯೂಕ್ ಲಿಯೋಪೋಲ್ಡ್ ವಿಲ್ಹೆಲ್ಮ್‌ನ ಆಸ್ಥಾನ ಚಿತ್ರಕಾರ. ಆರ್ಚ್‌ಡ್ಯೂಕ್‌ನ ಚಿತ್ರಸಂಗ್ರಹ ನೋಡಿಕೊಳ್ಳುವ ಕೆಲಸವೂ ಅವನದೇ. ಟೆನಿಯರ್ಸ್‌ನ ಹೆಂಡತಿ ಅನ್ನಾ ನಮ್ಮ ಬ್ರೂಗೆಲ್‌ನ ಮೊಮ್ಮಗಳು. ಮನೆತನ ಒಂದೇ ಆದರೂ ನಿಂತ ಜಾಗ ಬೇರೆ.

ಮಧ್ಯಾಹ್ನ ಗ್ರಾಂಡ್ ಪ್ಲಾಸ್ ಚೌಕಕ್ಕೆ ಹೋದೆ. ಪ್ರವಾಸಿಗಳು ಫೋಟೋ ತೆಗೆಯುವುದರಲ್ಲಿ ಮುಳುಗಿರುತ್ತಾರೆ, ಬ್ರೋಡ್‌ಹೌಸ್ ಒಳಗೆ ಹೋಗುವವರು ಕಡಿಮೆ. ನಗರದ ಮ್ಯೂಸಿಯಂ ಇರುವುದು ಅಲ್ಲೇ. ಅಲ್ಲಿ 'ಮದುವೆ ಮೆರವಣಿಗೆ' ಅನ್ನುವ ಉದ್ದನೆಯ ಚಿತ್ರ ಇದೆ. ಅಪ್ಪ ಬ್ರೂಗೆಲ್ ಬರೆದದ್ದೋ, ಮಗ ಬರೆದದ್ದೋ ಅಂತ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಎರಡಕ್ಕೂ ಮುಂದೆ ಚೀಲದ ಕೊಳಲು (ಬ್ಯಾಗ್‌ಪೈಪ್) ಊದುವವನು. ಎಲ್ಲರೂ ಇಗರ್ಜಿಯ ಕಡೆ ನಡೆಯುತ್ತಿದ್ದಾರೆ. ಹಿಂದೆ ಗಾಳಿಯಂತ್ರ. ಯಾರೂ ನಗುತ್ತಿಲ್ಲ. ಮದುವೆ ಅಂದರೆ ಅವರಿಗೆ ಮೊದಲು ಗಂಭೀರ ಕೆಲಸ, ಆಮೇಲೆ ಸಂಭ್ರಮ.

ಈ ಜಾಗದ ಇನ್ನೊಂದು ಕಥೆ ಹೇಳಲೇಬೇಕು. 1566ರ ಬೇಸಿಗೆಯಲ್ಲಿ ಈ ನಾಡಿನಲ್ಲಿ ಪ್ರೊಟೆಸ್ಟಂಟರು ಇಗರ್ಜಿಗಳಿಗೆ ನುಗ್ಗಿ ಮೂರ್ತಿ, ಚಿತ್ರಗಳನ್ನು ಒಡೆದರು. ಮರುವರ್ಷ ಆಗಸ್ಟ್‌ನಲ್ಲಿ, ಆಗ ಈ ನಾಡನ್ನು ಆಳುತ್ತಿದ್ದ ಸ್ಪೇನಿನ ರಾಜ ಕಳಿಸಿದ ಆಲ್ಬಾ ಡ್ಯೂಕ್ ಸೈನ್ಯದೊಂದಿಗೆ ಬ್ರಸೆಲ್ಸ್‌ಗೆ ಬಂದ. ಹಿಂದೆಯೇ ಬಂಧನ, ವಿಚಾರಣೆ, ಮರಣದಂಡನೆ. 1568ರ ಜೂನ್ 5ರಂದು ಎಗ್ಮಾಂಟ್ ಮತ್ತು ಹೋರ್ನ್ ಎಂಬ ಇಬ್ಬರು ಕೌಂಟ್‌ಗಳ ತಲೆ ಕಡಿದದ್ದು ಈ ಚೌಕದಲ್ಲೇ. ಹಿಂದಿನ ರಾತ್ರಿ ಅವರನ್ನು ಇಟ್ಟಿದ್ದು ಬ್ರೋಡ್‌ಹೌಸ್‌ನಲ್ಲಿ. ಈಗಿನ ಕಟ್ಟಡ 19ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು, ಜಾಗ ಮಾತ್ರ ಅದೇ. ಬ್ರೂಗೆಲ್ ರೈತರ ಮದುವೆ, ರೈತರ ಕುಣಿತ ಬರೆದದ್ದೂ ಸುಮಾರು ಇದೇ 1567–68ರ ಹೊತ್ತಿಗೆ. ಅವನ ಮನೆ ಇದ್ದದ್ದು ಇದೇ ಊರಲ್ಲಿ. ಬೀದಿಯಲ್ಲಿ ಸೈನಿಕರು ಓಡಾಡುತ್ತಿದ್ದಾಗ ಅವನು ಕೂತು ಹಳ್ಳಿಯ ಊಟ ಬರೆಯುತ್ತಿದ್ದ. ಇದು ತಿಳಿದ ಮೇಲೆ ಆ ಚಿತ್ರಗಳನ್ನು ಬರೀ ತಮಾಷೆ ಅಂತ ನೋಡಲು ನನಗೆ ಆಗುವುದಿಲ್ಲ.

ಸಂಜೆ ಶಾಪೆಲ್ ಇಗರ್ಜಿಗೆ ಹೋದೆ. 1563ರಲ್ಲಿ ಬ್ರೂಗೆಲ್ ಇಲ್ಲಿ ಮಾಯ್ಕನ್ ಕೂಕಾಳನ್ನು ಮದುವೆಯಾದ. 1569ರಲ್ಲಿ ಇಲ್ಲೇ ಅವನ ಸಮಾಧಿ. ನಡುವೆ ಆರೇ ವರ್ಷ.

ಶುಕ್ರವಾರ, ಪಯೋಟನ್‌ಲ್ಯಾಂಡ್

ಇವತ್ತು ಅಕ್ಕನೂ ಜೊತೆಗೆ ಬಂದಳು. ಬ್ರಸೆಲ್ಸ್‌ನ ಪಶ್ಚಿಮಕ್ಕೆ ಇರುವ ಏರಿಳಿತದ ಹೊಲಗಳ ಸೀಮೆಗೆ ಪಯೋಟನ್‌ಲ್ಯಾಂಡ್ ಅಂತ ಹೆಸರು. ದಿಲ್ಬೇಕ್ ಪಕ್ಕದ ಸಿಂಟ್-ಅನ್ನಾ-ಪೇಡೆ ಎಂಬ ಪುಟ್ಟ ಹಳ್ಳಿಗೆ ಬಸ್ಸಿನಲ್ಲಿ ಹೋದೆವು. ಅಲ್ಲಿಯ ಚಿಕ್ಕ ಇಗರ್ಜಿ 1568ರ 'ಕುರುಡರಿಗೆ ಕುರುಡ ದಾರಿ ತೋರಿದ' ಚಿತ್ರದ ಹಿನ್ನೆಲೆಯಲ್ಲಿ ಇದೆ. ಮೂಲ ಚಿತ್ರ ಇಟಲಿಯ ನೇಪಲ್ಸ್‌ನಲ್ಲಿದೆ. ಇಗರ್ಜಿ ಇಲ್ಲಿದೆ, ಇವತ್ತಿಗೂ ಗುರುತು ಸಿಗುವಂತಿದೆ. ಸುತ್ತಲಿನ ಕಾಲುದಾರಿಗಳ ಪಕ್ಕ ಬ್ರೂಗೆಲ್ ಚಿತ್ರಗಳ ಪ್ರತಿ ನಿಲ್ಲಿಸಿದ್ದಾರೆ. ಚಿತ್ರ ನೋಡಿ, ತಲೆ ಎತ್ತಿ ಹೊಲ ನೋಡಿ, ಮತ್ತೆ ನಡೆಯಬಹುದು. ಕಣಿವೆಗೆ ಅಡ್ಡವಾಗಿ 17 ಕಮಾನುಗಳ ರೈಲು ಸೇತುವೆ ಇದೆ. ಅದೊಂದನ್ನು ಬಿಟ್ಟರೆ ನೋಟ ಅಷ್ಟೇನೂ ಬದಲಾಗಿಲ್ಲ ಅನ್ನಿಸಿತು.

"ಇಷ್ಟು ಹೊಟ್ಟೆ ತುಂಬಾ ತಿಂದು ಕುಡಿದು ಕುಣಿಯೋದನ್ನ ಬರೆದಿದಾನಲ್ಲ, ಆಗ ಜನಕ್ಕೆ ಅಷ್ಟೊಂದು ಇತ್ತೇನೋ?" ಅಂತ ಅಕ್ಕ ಕೇಳಿದಳು.

ಇರಲಿಲ್ಲ. 1564–65ರ ಚಳಿಗಾಲ ಭಯಂಕರವಾಗಿತ್ತು. ಮರುವರ್ಷ ಧಾನ್ಯದ ಬೆಲೆ ಗಗನಕ್ಕೇರಿತು. ಬಾಲ್ಟಿಕ್ ಕಡೆಯಿಂದ ಬರಬೇಕಿದ್ದ ಧಾನ್ಯ ಬರಲಿಲ್ಲ. ಹಸಿದ ನೆನಪು ಇನ್ನೂ ಹಸಿಯಾಗಿದ್ದ ಜನ ಅವರು. ಅದಕ್ಕೇ ಬ್ರೂಗೆಲ್‌ನ ಹಬ್ಬಗಳಲ್ಲಿ ಊಟಕ್ಕೆ ಅಷ್ಟು ದೊಡ್ಡ ಜಾಗ. ವರ್ಷವಿಡೀ ಗಂಜಿ ಕುಡಿದವನು ಒಂದು ದಿನ ಎರಡು ಬಟ್ಟಲು ತಿಂದರೆ ಅದನ್ನು ಹೊಟ್ಟೆಬಾಕತನ ಅನ್ನುವುದು ಹೇಗೆ?

"ಹಾಗಾದ್ರೆ ಅವನು ಬರೆದಿದ್ದು ಸರಿ ಬಿಡು," ಅಂದಳು ಅಕ್ಕ.

ಮಧ್ಯಾಹ್ನಕ್ಕೆ ಒಂದು ಹಳ್ಳಿ ಹೋಟೆಲಿನಲ್ಲಿ ದಪ್ಪ ಬ್ರೆಡ್ಡು, ಅದರ ಮೇಲೆ ಮೊಸರಿನಂಥ ಹಸಿ ಚೀಸು, ಕೆಂಪು ಮೂಲಂಗಿ. ಈ ಸೀಮೆಯ ಬಿಯರ್ ಜೊತೆ ಇದನ್ನೇ ತಿನ್ನುವುದು ವಾಡಿಕೆ. ಲ್ಯಾಂಬಿಕ್ ಅನ್ನುವ ಈ ಬಿಯರ್‌ಗೆ ಗೋಧಿ, ಬಾರ್ಲಿ ಎರಡೂ ಬೇಕು. ಹುಳಿ ಬರಿಸಲು ಯೀಸ್ಟ್ ಹಾಕುವುದಿಲ್ಲ. ಕುದಿಸಿದ್ದನ್ನು ಅಗಲದ ತೊಟ್ಟಿಯಲ್ಲಿ ರಾತ್ರಿಯೆಲ್ಲ ಗಾಳಿಗೆ ಬಿಡುತ್ತಾರೆ. ಗಾಳಿಯಲ್ಲಿರುವ ಯೀಸ್ಟೇ ಕೆಲಸ ಮಾಡುತ್ತದೆ. ಆದ್ದರಿಂದ ತಂಪು ತಿಂಗಳುಗಳಲ್ಲಿ ಮಾತ್ರ ಕುದಿಸುವುದು. ರುಚಿ ಚೆನ್ನಾಗಿ ಹುಳಿ. ನನಗೆ ತುಂಬಾ ಹಿಡಿಸಿತು. ಅಕ್ಕ ಮೂಲಂಗಿ ಸಾಕು ಅಂದಳು.

ಶನಿವಾರ, ಆಂಟ್ವರ್ಪ್ ಮತ್ತು ಹೊಬೋಕನ್

ಆಂಟ್ವರ್ಪ್‌ನ ರಾಯಲ್ ಲಲಿತಕಲಾ ಮ್ಯೂಸಿಯಂ ಹನ್ನೊಂದು ವರ್ಷ ಮುಚ್ಚಿದ್ದು 2022ರಲ್ಲಿ ಮತ್ತೆ ತೆರೆದಿದೆ. ಅಲ್ಲಿ ಯೋರ್ಡಾನ್ಸ್ 1638ರಲ್ಲಿ ಬರೆದ 'ಹಿರಿಯರು ಹಾಡಿದಂತೆ ಕಿರಿಯರು ಊದುತ್ತಾರೆ' ನೋಡಿದೆ. ಮನೆಯೊಳಗಿನ ಹಬ್ಬ. ಅಜ್ಜ, ಅಜ್ಜಿ ಹಾಡುತ್ತಾರೆ. ಒಬ್ಬ ಕೆನ್ನೆ ಉಬ್ಬಿಸಿ ಚೀಲದ ಕೊಳಲು ಊದುತ್ತಾನೆ. ಮಗುವಿನ ಕೈಯಲ್ಲೂ ಪೀಪಿ. ಅಜ್ಜನ ಮುಖ ಯೋರ್ಡಾನ್ಸ್‌ನ ಮಾವ ಆದಮ್ ವಾನ್ ನೋರ್ಟ್‌ನದು. ಇವರು ರೈತರಲ್ಲ, ಉಳ್ಳವರು. ಆದರೂ ಎಲ್ಲರೂ ಮೈಗೆ ಮೈ ತಾಗಿಸಿ ಕೂತ ರೀತಿಯಲ್ಲಿ ಹಳ್ಳಿಯ ಬಿಸಿ ಉಳಿದಿದೆ. ಟೆನಿಯರ್ಸ್‌ಗಿಂತ ಯೋರ್ಡಾನ್ಸ್ ನನಗೆ ಹತ್ತಿರದವನು.

ಅಲ್ಲಿಂದ ಟ್ರಾಮ್ ಹಿಡಿದು ಹೊಬೋಕನ್‌ಗೆ ಹೋದೆ. ಈಗ ಅದು ಆಂಟ್ವರ್ಪ್‌ನ ಒಂದು ಬಡಾವಣೆ. ಅಂಗಡಿ, ಮನೆ, ಸೈಕಲ್ಲು, ಶನಿವಾರದ ಗಡಿಬಿಡಿ. ನೋಡಲು ವಿಶೇಷ ಏನೂ ಇಲ್ಲ. ಆದರೆ 'ಹೊಬೋಕನ್ ಜಾತ್ರೆ'ಯ ಊರು ಇದು. ಬ್ರೂಗೆಲ್ ರೇಖಾಚಿತ್ರ ಬರೆದುಕೊಟ್ಟ, ಫ್ರಾನ್ಸ್ ಹೋಗನ್‌ಬರ್ಗ್ ತಾಮ್ರದ ತಗಡಿನ ಮೇಲೆ ಕೆತ್ತಿದ. ಆಂಟ್ವರ್ಪ್ ಆಗ ಅಚ್ಚುಚಿತ್ರಗಳ ದೊಡ್ಡ ಮಾರುಕಟ್ಟೆ. ಆಗ ಊರಿನ ಹೊರಗೆ ಬಿಯರ್ ಮೇಲಿನ ತೆರಿಗೆ ಕಡಿಮೆ ಇತ್ತು. ಆದ್ದರಿಂದ ಹೊಬೋಕನ್‌ನಂಥ ಹಳ್ಳಿಯ ಜಾತ್ರೆಗೆ ಆಂಟ್ವರ್ಪ್‌ನವರು ದಂಡು ಕಟ್ಟಿಕೊಂಡು ಬರುತ್ತಿದ್ದರು.

ಬಂದವರಲ್ಲಿ ಬ್ರೂಗೆಲ್ ಕೂಡ ಒಬ್ಬನಂತೆ. ಅವನು ತೀರಿಕೊಂಡು 35 ವರ್ಷದ ಮೇಲೆ, 1604ರಲ್ಲಿ, ಚಿತ್ರಕಾರರ ಜೀವನಚರಿತ್ರೆ ಬರೆದ ಕಾರೆಲ್ ವಾನ್ ಮಾಂಡರ್ ಒಂದು ಕಥೆ ಬರೆದಿಟ್ಟಿದ್ದಾನೆ. ಬ್ರೂಗೆಲ್‌ಗೆ ಹಾನ್ಸ್ ಫ್ರಾಂಕರ್ಟ್ ಎಂಬ ವ್ಯಾಪಾರಿ ಗೆಳೆಯ. ಇಬ್ಬರೂ ರೈತರ ಬಟ್ಟೆ ಹಾಕಿಕೊಂಡು ಜಾತ್ರೆಗೆ, ಮದುವೆಗೆ ಹೋಗುತ್ತಿದ್ದರು. ಹೆಣ್ಣಿನ ಕಡೆಯವರು ಅಂತಲೋ ಗಂಡಿನ ಕಡೆಯವರು ಅಂತಲೋ ಹೇಳಿಕೊಂಡು, ಎಲ್ಲರ ಹಾಗೆ ಉಡುಗೊರೆ ಕೊಟ್ಟು, ಕೂತು ಉಣ್ಣುತ್ತಿದ್ದರು. ಅವರು ಹೇಗೆ ತಿನ್ನುತ್ತಾರೆ, ಹೇಗೆ ಕುಣಿಯುತ್ತಾರೆ, ಹೇಗೆ ಪ್ರೀತಿ ಮಾಡುತ್ತಾರೆ ಅಂತ ನೋಡುವುದೇ ಬ್ರೂಗೆಲ್‌ಗೆ ಸುಖ. ಈ ಕಥೆಗೆ ಬೇರೆ ಸಾಕ್ಷಿ ಇಲ್ಲ. ಆದರೆ ಚಿತ್ರಗಳನ್ನು ನೋಡಿದವರು ಇದನ್ನು ಅಲ್ಲಗಳೆಯುವುದು ಕಷ್ಟ.

ಇಗರ್ಜಿಯ ಹತ್ತಿರ ಒಂದು ಬೆಂಚಿನ ಮೇಲೆ ಕೂತು ಟ್ಯಾಬ್‌ನಲ್ಲಿ ಅಚ್ಚುಚಿತ್ರ ದೊಡ್ಡದು ಮಾಡಿ ನೋಡಿದೆ. ಮೆರವಣಿಗೆ ಇಗರ್ಜಿಗೆ ಹೋಗುತ್ತಿದೆ. ಬಿಲ್ಲುಗಾರರ ಸಂಘದವರು ಬಾಣ ಬಿಡುತ್ತಿದ್ದಾರೆ. ಅವರ ಬಾವುಟದ ಮೇಲೆ ಊರ ಹೆಸರಿದೆ. ಬ್ರೂಗೆಲ್‌ನ ರೇಖಾಚಿತ್ರದ ಇಸವಿ 1559. ಕೈ ಕೈ ಹಿಡಿದು ಕುಣಿಯುವವರ ಸುತ್ತು ಇದೆ. ಕೆಳಗೆ ಪ್ರಕಾಶಕರು ಹಾಕಿದ ಪದ್ಯ ಮಾತ್ರ ಕಟುವಾಗಿದೆ. ರೈತರಿಗೆ ಇಂಥ ಹಬ್ಬವೇ ಆನಂದ, ಕುಣಿದು ಕುಪ್ಪಳಿಸಿ ಮೃಗಗಳ ಹಾಗೆ ಕುಡಿಯುತ್ತಾರೆ, ಉಪವಾಸ ಬಿದ್ದು ಚಳಿಯಲ್ಲಿ ಸತ್ತರೂ ಸರಿ ಜಾತ್ರೆ ಬಿಡುವುದಿಲ್ಲ ಅಂತ ಅದರ ಅರ್ಥ. ಪದ್ಯದಲ್ಲಿ ಬೈಗುಳ ಇದೆ. ಚಿತ್ರದಲ್ಲಿ ಬೈಗುಳ ಎಲ್ಲಿದೆ? ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

ಸುಮಾರು ಅದೇ ಹೊತ್ತಿಗೆ ಹಿರೋನಿಮಸ್ ಕಾಕ್ ಅಚ್ಚು ಹಾಕಿಸಿದ 'ಸಂತ ಜಾರ್ಜ್ ಜಾತ್ರೆ'ಯೂ ಬ್ರೂಗೆಲ್‌ನದೇ. ಅದರಲ್ಲಿ ಛತ್ರದ ಮುಂದಿನ ಬಾವುಟದ ಮೇಲೆ ಒಂದೇ ಸಾಲು: ರೈತರು ತಮ್ಮ ಜಾತ್ರೆ ಮಾಡಿಕೊಳ್ಳಲಿ ಬಿಡಿ. ಈ ಮಾತು ಸುಮ್ನೆ ಬಂದದ್ದಲ್ಲ. ಐದನೇ ಚಾರ್ಲ್ಸ್ ಚಕ್ರವರ್ತಿ 1531ರಲ್ಲೇ ಆಜ್ಞೆ ಹೊರಡಿಸಿದ್ದ. ಜಾತ್ರೆ ಒಂದೇ ದಿನ ಮುಗಿಯಬೇಕು, ಮದುವೆಗೆ ಇಪ್ಪತ್ತಕ್ಕಿಂತ ಜಾಸ್ತಿ ಜನ ಸೇರಬಾರದು ಅಂತ. ಆಳುವವರಿಗೆ ಜನ ಒಂದು ಕಡೆ ಸೇರುವುದೇ ಭಯ. ಆ ಬಾವುಟದ ಪಕ್ಷದಲ್ಲಿ ಬ್ರೂಗೆಲ್ ಇದ್ದ ಅಂತ ನಾನು ನಂಬುತ್ತೇನೆ.

ರೈಲಿನಲ್ಲಿ ವಾಪಸ್ ಬರುವಾಗ ಅವನ ಮಕ್ಕಳ ಬಗ್ಗೆ ಯೋಚಿಸಿದೆ. ಅಪ್ಪ ಹೋದಾಗ ದೊಡ್ಡ ಮಗನಿಗೆ ನಾಲ್ಕೈದು ವರ್ಷ, ಚಿಕ್ಕವನು ಯಾನ್ ಕೈಗೂಸು. ದೊಡ್ಡವನು, ಅವನ ಹೆಸರೂ ಪೀಟರ್, ಮುಂದೆ ಆಂಟ್ವರ್ಪ್‌ನಲ್ಲಿ ಕಾರ್ಖಾನೆಯಂತೆ ಅಪ್ಪನ ಚಿತ್ರಗಳ ಪ್ರತಿ ತೆಗೆದ. ರೈತರ ಹಬ್ಬ ಮನೆ ಮನೆಗೆ ತಲುಪಿದ್ದು ಅವನಿಂದ. 1566ರ ಮೂಲ 'ಮದುವೆ ಕುಣಿತ' ಈಗ ಅಮೆರಿಕದ ಡೆಟ್ರಾಯಿಟ್‌ನಲ್ಲಿದೆ. ಅದರಲ್ಲಿ ಗಂಡಸರ ಉಡುಪಿನ ಮುಂಭಾಗ ಎದ್ದು ಕಾಣುತ್ತದೆ ಅಂತ ನಡುವೆ ಯಾರೋ ನಾಚಿಕೊಂಡು ಅದರ ಮೇಲೆ ಬಣ್ಣ ಬಳಿದಿದ್ದರು. ಶುಚಿ ಮಾಡಿದಾಗ ಹಳೆಯದು ಹೊರಬಂತು.

ಭಾನುವಾರ, ಬೋಕ್ರೈಕ್

ಭಾವನ ಕಾರಿನಲ್ಲಿ ಎಲ್ಲರೂ ಹೊರಟೆವು. ಲಿಂಬರ್ಗ್ ಪ್ರಾಂತ್ಯದ ಗೆಂಕ್ ಹತ್ತಿರ ಬೋಕ್ರೈಕ್ ಎಂಬ ಬಯಲು ಮ್ಯೂಸಿಯಂ ಇದೆ. 1958ರಲ್ಲಿ ಶುರುವಾದದ್ದು. ಫ್ಲಾಂಡರ್ಸ್‌ನ ಬೇರೆ ಬೇರೆ ಕಡೆಯ ಹಳೆಯ ರೈತರ ಮನೆ, ಕಣಜ, ಗಿರಣಿಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಕಟ್ಟಡ ನೂರಕ್ಕೂ ಜಾಸ್ತಿ. ಇದ್ದದ್ದರಲ್ಲಿ ನನಗೆ ಉಪಯೋಗವಾದದ್ದು ಕಣಜ. ಒಳಗೆ ಹೋಗಿ ನಿಂತರೆ ಎತ್ತರದ ಮಾಡು, ಮಂದ ಬೆಳಕು, ಹುಲ್ಲಿನ ವಾಸನೆ. ಬ್ರೂಗೆಲ್ ಮದುವೆ ಊಟ ಇಟ್ಟದ್ದು ಇಂಥ ಜಾಗದಲ್ಲೇ. ಅದು ರೈತನ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ.

ಅಲ್ಲಿ ಒಬ್ಬರು ಚೀಲದ ಕೊಳಲು ಊದುತ್ತಿದ್ದರು. ಎರಡು ಉದ್ದ ಕೊಳವೆ ಹೆಗಲ ಮೇಲೆ ನಿಂತಿದ್ದವು. ಫ್ಲಾಂಡರ್ಸ್‌ನಲ್ಲಿ ಈ ವಾದ್ಯ ಪೂರ್ತಿ ಮರೆಯಾಗಿತ್ತು. 20ನೇ ಶತಮಾನದಲ್ಲಿ ಅದನ್ನು ಮತ್ತೆ ಮಾಡಲು ಹೊರಟವರು ಅಳತೆ, ಆಕಾರಕ್ಕೆ ಬ್ರೂಗೆಲ್ ಮತ್ತು ಅವನ ಕಾಲದವರ ಚಿತ್ರಗಳನ್ನೇ ನೋಡಿದರು. ಜನರ ಹಬ್ಬ ನೋಡಿ ಬರೆದ ಚಿತ್ರ, ನಾನೂರು ವರ್ಷದ ಮೇಲೆ ಆ ಜನರಿಗೆ ಅವರ ವಾದ್ಯ ವಾಪಸ್ ಕೊಟ್ಟಿತು. ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಸಂಗತಿ ಇದು.

ಸೋಮವಾರ ಬ್ರಸೆಲ್ಸ್‌ನಿಂದ ರಾತ್ರಿ ರೈಲು ಹತ್ತಿದೆ.

ಮಂಗಳವಾರ, ವಿಯೆನ್ನಾ

ಕುನ್ಸ್ಟ್‌ಹಿಸ್ಟೋರಿಷೆಸ್ ಮ್ಯೂಸಿಯಂನಲ್ಲಿ ಬ್ರೂಗೆಲ್‌ನ ಹನ್ನೆರಡು ಚಿತ್ರಗಳಿವೆ. ಜಗತ್ತಿನಲ್ಲಿ ಇನ್ನೆಲ್ಲೂ ಇಷ್ಟಿಲ್ಲ. ಹ್ಯಾಬ್ಸ್‌ಬರ್ಗ್ ರಾಜಮನೆತನದವರು ಅವನನ್ನು ಹುಡುಕಿ ಹುಡುಕಿ ಕೊಂಡರು. 'ರೈತರ ಮದುವೆ'ಯನ್ನು 1594ರಲ್ಲಿ ಬ್ರಸೆಲ್ಸ್‌ನಲ್ಲಿ ಕೊಂಡವನು ಆರ್ಚ್‌ಡ್ಯೂಕ್ ಅರ್ನ್ಸ್ಟ್.

ಮೊದಲು 'ರೈತರ ಕುಣಿತ'. ಬಲಗಡೆಯಿಂದ ಒಂದು ಜೋಡಿ ಓಡಿ ಬರುತ್ತಿದೆ. ಗಂಡಸು ದಪ್ಪ, ಕಾಲು ಭಾರ. ಕುಣಿತ ಶುರುವಾಗಿಬಿಟ್ಟಿತಲ್ಲ ಅಂತ ಹೆಂಗಸಿನ ಕೈ ಎಳೆದುಕೊಂಡು ಬರುತ್ತಿದ್ದಾನೆ. ಎಡಕ್ಕೆ ಚೀಲದ ಕೊಳಲಿನವನು. ಅವನ ಕಿವಿಯ ಹತ್ತಿರವೇ ಒಬ್ಬ ಮುಖ ಚಾಚಿದ್ದಾನೆ. ಪಕ್ಕದಲ್ಲಿ ಎರಡು ಪುಟ್ಟ ಮಕ್ಕಳು ದೊಡ್ಡವರನ್ನು ನೋಡಿ ತಾವೂ ಹೆಜ್ಜೆ ಹಾಕುತ್ತಿವೆ. ಹಿಂದೆ ಒಂದು ಜೋಡಿ ಮುತ್ತಿಡುತ್ತಿದೆ. ದೂರದಲ್ಲಿ ಇಗರ್ಜಿ. ಬಲಗಡೆಯ ಮರಕ್ಕೆ ಮೇರಿಯ ಚಿತ್ರ ಕಟ್ಟಿದ್ದಾರೆ. ದೇವರ ಹಬ್ಬ, ಆದರೆ ದೇವರ ಕಡೆ ಯಾರೂ ನೋಡುತ್ತಿಲ್ಲ, ಆದ್ದರಿಂದ ಇದು ಪಾಪದ ಬಗ್ಗೆ ಎಚ್ಚರಿಕೆ ಅಂತ ಕೆಲವು ವಿದ್ವಾಂಸರು ವಾದಿಸಿದ್ದಾರೆ. ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಬಂದವರು ಸಂಜೆ ಕುಣಿಯುವುದು ಪಾಪ ಹೇಗಾಗುತ್ತದೆ? ಎಚ್ಚರಿಕೆ ಕೊಡಬೇಕಿದ್ದವನು ಆ ಮಕ್ಕಳನ್ನು ಅಷ್ಟು ಅಕ್ಕರೆಯಿಂದ ಬರೆಯುತ್ತಿರಲಿಲ್ಲ. ಇಲ್ಲಿ ಜನ ಚಿಕ್ಕವರಲ್ಲ, ಚಿತ್ರದ ಅರ್ಧಕ್ಕೂ ಎತ್ತರ ಇದ್ದಾರೆ. ನೋಡುವವನ ಕಣ್ಣು ಅವರ ಮಟ್ಟಕ್ಕೇ ಇದೆ. ಚಿತ್ರಕಾರ ಆ ಅಂಗಳದಲ್ಲೇ ನಿಂತಿದ್ದಾನೆ.

ಆಮೇಲೆ 'ರೈತರ ಮದುವೆ'. ಮರದ ಹಲಗೆಯ ಮೇಲೆ ಎಣ್ಣೆಬಣ್ಣ, ಅಗಲ ಒಂದೂವರೆ ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಜಾಗ ಕಣಜ. ಹಿಂದಿನ ಗೋಡೆ ಅಂತ ಕಾಣುವುದು ಗೋಡೆಯಲ್ಲ, ಸುಗ್ಗಿಯ ಬೆಳೆ ಒಟ್ಟಿದ ಬಣವೆ. ಮೇಲೆ ಒಂದು ಕುಂಟೆಗೆ ಎರಡು ಸಿವುಡು ಸಿಕ್ಕಿಸಿದ್ದಾರೆ. ಇದನ್ನು ಅರ್ಥ ಮಾಡಿಕೊಂಡರೆ ಇಡೀ ಚಿತ್ರ ಅರ್ಥವಾಗುತ್ತದೆ. ಬೆಳೆ ಬಂದಿದೆ, ಅದಕ್ಕೇ ಮದುವೆ. ಬಣವೆಯ ಮುಂದೆ ಹಸಿರು ಬಟ್ಟೆ ಕಟ್ಟಿ, ಕಾಗದದ ಕಿರೀಟ ತೂಗಿಸಿ, ಅದರ ಕೆಳಗೆ ಮದುಮಗಳನ್ನು ಕೂರಿಸಿದ್ದಾರೆ. ಅವಳು ಕೈ ಜೋಡಿಸಿ, ಕಣ್ಣು ಅರೆಮುಚ್ಚಿ ಕೂತಿದ್ದಾಳೆ. ತಿನ್ನುವುದಿಲ್ಲ, ಮಾತಾಡುವುದಿಲ್ಲ. ಅವಳೊಬ್ಬಳಿಗೆ ಇವತ್ತು ಏನೂ ಕೆಲಸ ಇಲ್ಲ.

ಮುಂದೆ ಇಬ್ಬರು ಒಂದು ಬಾಗಿಲನ್ನೇ ಕಿತ್ತು, ಅದರ ಮೇಲೆ ಗಂಜಿಯ ಬಟ್ಟಲು ಇಟ್ಟು ಹೊತ್ತು ತರುತ್ತಿದ್ದಾರೆ. ಒಬ್ಬನ ಟೋಪಿಯಲ್ಲಿ ಮರದ ಚಮಚ ಸಿಕ್ಕಿಸಿದೆ. ಮೇಜಿನ ತುದಿಯಲ್ಲಿ ಕೂತವನೊಬ್ಬ ತಿರುಗಿ ಬಟ್ಟಲು ತೆಗೆದು ಸಾಲಿನುದ್ದಕ್ಕೂ ದಾಟಿಸುತ್ತಾನೆ. ನಮ್ಮ ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವರಿಗೆ ಇರುವ ಅದೇ ಅವಸರ, ಅದೇ ಲೆಕ್ಕಾಚಾರ ಆ ಕೈಯಲ್ಲಿದೆ. ಎಡಕ್ಕೆ ಒಬ್ಬ ಬಿಯರ್ ಬಗ್ಗಿಸುತ್ತಿದ್ದಾನೆ. ನವಿಲುಗರಿಯ ದೊಡ್ಡ ಟೋಪಿ ಹಾಕಿದ ಮಗು ನೆಲದ ಮೇಲೆ ಕೂತು ತಟ್ಟೆ ನೆಕ್ಕುತ್ತಿದೆ. ಕೊಳಲಿನವನ ಕೈಯಲ್ಲಿ ವಾದ್ಯ, ಕಣ್ಣು ಮಾತ್ರ ಬಟ್ಟಲಿನ ಮೇಲೆ. ಅವನಿಗೆ ಇನ್ನೂ ಊಟ ಆಗಿಲ್ಲ ಅಂತ ಎಂಥವರಿಗೂ ತಿಳಿಯುತ್ತದೆ. ಬಾಗಿಲಲ್ಲಿ ಇನ್ನೂ ಜನ ನುಗ್ಗುತ್ತಿದ್ದಾರೆ. ಇಪ್ಪತ್ತು ಜನರ ಆಜ್ಞೆ ಇಲ್ಲಿ ಯಾರ ನೆನಪಿನಲ್ಲೂ ಇದ್ದಂತಿಲ್ಲ.

ಬಲತುದಿಯಲ್ಲಿ ಕತ್ತಿ ಧರಿಸಿದ ಒಬ್ಬ ದೊಡ್ಡ ಮನುಷ್ಯ ಫ್ರಾನ್ಸಿಸ್ಕನ್ ಸನ್ಯಾಸಿಯ ಜೊತೆ ಮಾತಾಡುತ್ತಿದ್ದಾನೆ. ಅವನೇ ಬ್ರೂಗೆಲ್ ಅಂತ ಕೆಲವರು ಹೇಳುತ್ತಾರೆ. ಯಾರೇ ಆಗಲಿ, ಅವನೂ ಅದೇ ಮೇಜಿನ ಕೊನೆಯಲ್ಲಿ ಕೂತಿದ್ದಾನೆ. ಟೆನಿಯರ್ಸ್‌ನ ದೊರೆಗಳ ಹಾಗೆ ದೂರ ನಿಂತಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ ಮದುಮಗ ಎಲ್ಲಿ ಅನ್ನುವುದು. ಬ್ರೂಗೆಲ್ ಗುರುತು ಹಾಕಿಲ್ಲ. ಬಿಯರ್ ಬಗ್ಗಿಸುವವನು ಅಂತ ಕೆಲವರು. ಹಿಂದಕ್ಕೆ ಬಾಗಿ ಕೂತ ಕಪ್ಪು ಬಟ್ಟೆಯವನು ಅಂತ ಕೆಲವರು. ಅವನು ಊಟಕ್ಕೆ ಬಂದೇ ಇಲ್ಲ ಅಂತ ಇನ್ನು ಕೆಲವರು. ಬಾಗಿಲು ಹೊತ್ತವರ ಹತ್ತಿರ ಲೆಕ್ಕಕ್ಕಿಂತ ಒಂದು ಕಾಲು ಜಾಸ್ತಿ ಕಾಣುತ್ತದೆ. ಅದು ಬಟ್ಟಲು ದಾಟಿಸುವವನ ಕಾಲು ಅನ್ನುವ ವಿವರಣೆ ನನಗೆ ಸರಿ ಕಾಣುತ್ತದೆ. ಮದುಮಗನೂ ಅವನೇ ಅಂತ ನನ್ನ ಅನ್ನಿಸಿಕೆ. ಮಿಕ್ಕವರೆಲ್ಲ ತಮ್ಮ ಬಟ್ಟಲು ನೋಡುತ್ತಿದ್ದಾರೆ. ಇಡೀ ಸಾಲಿಗೆ ಊಟ ಮುಟ್ಟಿತಾ ಅಂತ ನೋಡುತ್ತಿರುವವನು ಅವನೊಬ್ಬನೇ.